ಉಗುರಿನ ಬುಡದಲ್ಲಿ ನೀಲಿ ಛಾಯೆ

ಪ್ರಶ್ನೆ: ಮೊಡವೆಯ ಚಿಕಿತ್ಸೆಗೆಂದು ಎಂಟು ತಿಂಗಳಿಂದ ಮಿನೊಸೈಕ್ಲಿನ್ ಮಾತ್ರೆ ಸೇವಿಸುತ್ತಿದ್ದೇನೆ. ಈಚೆಗೆ ಕೈಬೆರಳುಗಳ ಉಗುರಿನ ಬುಡ ನೀಲಿಮಿಶ್ರಿತ ಬೂದುಬಣ್ಣಕ್ಕೆ ತಿರುಗಿದೆ. ಇದು ಮಾತ್ರೆಯ ಪರಿಣಾಮವೇ? ಬಣ್ಣ ಹೋಗುತ್ತದೆಯೇ?

ಉತ್ತರ: ಮಾತ್ರೆಯ ಪರಿಣಾಮವೇ ಇರುವ ಸಾಧ್ಯತೆ ಹೆಚ್ಚು. ಟೆಟ್ರಾಸೈಕ್ಲಿನ್ ಗುಂಪಿನ ಈ ಆ್ಯಂಟಿಬಯಾಟಿಕ್ ಅನ್ನು ತಿಂಗಳುಗಟ್ಟಲೆ ಸೇವಿಸುವ ಕೆಲವರಲ್ಲಿ, ಔಷಧದಿಂದ ಉಂಟಾದ ವರ್ಣದ್ರವ್ಯವು ಉಗುರಿನಡಿಯ ಚರ್ಮದಲ್ಲಿ ಶೇಖರವಾಗುವುದರಿಂದ, ಎಷ್ಟು ಉಜ್ಜಿ ತೊಳೆದರೂ ಅದು ಹೋಗುವುದಿಲ್ಲ. ಒಸಡು, ಹಲ್ಲು, ಕಣ್ಣಿನ ಬಿಳಿಭಾಗ, ಹಳೆಯ ಮೊಡವೆ ಕಲೆಗಳಲ್ಲೂ ಇದೇ ಛಾಯೆ ಮೂಡುವುದುಂಟು. ಒಮ್ಮೆ ಕನ್ನಡಿಯಲ್ಲಿ ನೋಡಿಕೊಳ್ಳಿ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸದೆ, ಬರೆದುಕೊಟ್ಟ ವೈದ್ಯರಿಗೆ ಉಗುರನ್ನು ತೋರಿಸಿ (ನೇಲ್ ಪಾಲಿಶ್ ಹಚ್ಚಿಕೊಂಡು ಹೋಗಬೇಡಿ); ಅವರು ಬೇರೆ ಔಷಧ ಸೂಚಿಸಬಹುದು. ಔಷಧ ನಿಂತ ಬಳಿಕ ಬಣ್ಣ ಸಾಮಾನ್ಯವಾಗಿ ಮಾಸುತ್ತದೆಯಾದರೂ, ಕೈಯುಗುರು ತಿಂಗಳಿಗೆ ಬೆಳೆಯುವುದೇ ಸುಮಾರು 3 ಮಿಲಿಮೀಟರ್ ಆಗಿರುವುದರಿಂದಲೂ ಅಡಿಚರ್ಮದ ಬಣ್ಣ ಇನ್ನೂ ನಿಧಾನವಾಗಿ ಕರಗುವುದರಿಂದಲೂ ಹಲವು ತಿಂಗಳು ಕಾಯಬೇಕಾಗುತ್ತದೆ. ಆದರೆ ಒಂದೇ ಬೆರಳಿನಲ್ಲಿ ಉದ್ದಕ್ಕೆ ಕಪ್ಪುಗೆರೆ ಮೂಡಿ ಅಗಲವಾಗುತ್ತಿದ್ದರೆ, ಅದನ್ನು ಮಾತ್ರೆಯ ಮೇಲೆ ಹೊರಿಸಿ ಸುಮ್ಮನಿರದೆ ಚರ್ಮವೈದ್ಯರನ್ನು ತಕ್ಷಣ ಕಾಣಿ. ಅಪರೂಪಕ್ಕೆ ಅದು ಮೆಲನೋಮ ಎಂಬ ಕ್ಯಾನ್ಸರ್‌ನ ಲಕ್ಷಣವಾಗಿರಬಹುದು.