ಮಗನಿಗೆ ತಾತನ ಕಾಲದ ಹೆಸರು ಇಟ್ಟರೆ ತೀರಾ ಹಳೇದು ಅನ್ನಿಸುತ್ತಾ?

ಧಾರಾಳವಾಗಿ ಇಡಿ. ತಿಮ್ಮಪ್ಪ, ಬಸಪ್ಪ, ಮಂಜಯ್ಯ ಅಂದಾಗ ಹಳೇದು ಅನ್ನಿಸುವುದು ಹೆಸರಲ್ಲ, ಅದರ ಬಾಲ. ‘ಅಪ್ಪ’, ‘ಅಯ್ಯ’, ‘ಅಣ್ಣ’ ಇವೆಲ್ಲ ಮರ್ಯಾದೆಗೆ ಸೇರಿಸುವ ಮಾತುಗಳು. ನಮ್ಮ ಕಡೆ ದೇವರನ್ನೂ ಹಾಗೇ ಕರೆಯುತ್ತೇವೆ: ತಿರುಪತಿಯ ವೆಂಕಟೇಶ ನಮಗೆ ತಿಮ್ಮಪ್ಪ, ಮಲೆ ಮಹದೇಶ್ವರ ಮಾದಪ್ಪ. ಅದನ್ನೇ ತೊಟ್ಟಿಲ ಕೂಸಿಗೆ ಇಟ್ಟರೆ ಯಾರೋ ಹಿರಿಯರನ್ನು ಕೂಗಿದ ಹಾಗೆ ಕೇಳಿಸುತ್ತದೆ, ಅಷ್ಟೇ.

ಮುಜುಗರ ಅನ್ನಿಸಿದರೆ ಬಾಲ ಬಿಟ್ಟು ಬೇರು ಉಳಿಸಿಕೊಳ್ಳಿ. ಬಸಪ್ಪ ಬಸವ ಆಗಬಹುದು, ಮಾದಪ್ಪ ಮಹದೇವ, ಮಂಜಯ್ಯ ಮಂಜುನಾಥ. ತಿಮ್ಮಪ್ಪನದು ಮಾತ್ರ ಸ್ವಲ್ಪ ಕಷ್ಟ. ಬರೀ ‘ತಿಮ್ಮ’ ಅಂದರೆ ಶಾಲೆಯಲ್ಲಿ ಗೇಲಿ ಗ್ಯಾರಂಟಿ! ಅದನ್ನು ಪೂರ್ತಿಯಾಗಿಯೇ ಇಡುವುದು ವಾಸಿ, ಇಲ್ಲವೇ ವೆಂಕಟೇಶ ಅನ್ನಿ.

ಇನ್ನೊಂದು ವಿಷಯ. ಹಿಂದೆ ಸೊಸೆ ಮಾವನ ಹೆಸರು ಹೇಳುವಂತಿರಲಿಲ್ಲ, ಅಲ್ವಾ? ಹಾಗಾಗಿ ತಾತನ ಹೆಸರಿಟ್ಟ ಮಗುವನ್ನು ಮನೆಯಲ್ಲಿ ಪುಟ್ಟ, ಅಪ್ಪಿ ಅಂತ ಕರೆಯುತ್ತಿದ್ದರು. ಈಗಲೂ ಅದೇ ಮಾಡಬಹುದು: ಜನನ ಪ್ರಮಾಣಪತ್ರದಲ್ಲಿ ತಾತ, ಮನೆಯಲ್ಲಿ ಪುಟ್ಟ. ಹುಟ್ಟಿದ್ದನ್ನು ಹೆಸರಿಲ್ಲದೆ ನೋಂದಾಯಿಸಿದ್ದರೂ 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು, ಆತುರ ಬೇಡ.