ಪ್ರತಿ: ಸೊಂಟದ ಕೀಲು ಬದಲಿಸಿದ ಅಪ್ಪ ತೋಟಕ್ಕೆ ಯಾವಾಗ ಇಳಿಯಬಹುದು?

ಹಿಂಭಾಗದಿಂದ ಕೊಯ್ದು ಮಾಡಿದ ಆಪರೇಷನ್, 7 ವಾರ ಆಗಿದೆ, ಕೋಲು ಹಿಡಿದು ಅಂಗಳದಲ್ಲಿ ನಡೆಯುತ್ತಾರೆ, ಅಡಿಕೆ ಹೆಕ್ಕಲು ಹೋಗಬಹುದೇ ಅಂತ ಬದಿಯಡ್ಕದಿಂದ ಕೇಳಿದ್ದೀರಿ. ಈಗಲೇ ಬೇಡ. ಕೀಲಿನ ಸುತ್ತಲಿನ ಸ್ನಾಯು, ಪೊರೆ ಗಟ್ಟಿಯಾಗಲು ಸಾಮಾನ್ಯವಾಗಿ 12 ವಾರ ಬೇಕು. ಅದಕ್ಕೆ ಮೊದಲು ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಚಿ, ಪಾದ ಒಳಕ್ಕೆ ತಿರುಗಿದರೆ ಹೊಸ ಕೀಲಿನ ಗುಂಡು ಅದರ ಗುಳಿಯಿಂದ ಹಿಂದಕ್ಕೆ ಜಾರೀತು. ಬಗ್ಗಿ ಅಡಿಕೆ ಹೆಕ್ಕುವಾಗ ಆಗುವುದು ಅದೇ.

ಮೊದಲು ಕುಂಟು ಹೋಗಲಿ. ಕಿಟಕಿಯ ಸರಳು ಹಿಡಿದು ನೆಟ್ಟಗೆ ನಿಂತು, ಆಪರೇಷನ್ ಆದ ಕಾಲನ್ನು ಪಕ್ಕಕ್ಕೆ ಎತ್ತಬೇಕು; 10 ಸಲ, ದಿನಕ್ಕೆ ಮೂರು ಹೊತ್ತು. ಮೈ ವಾಲಿದರೆ ಲೆಕ್ಕಕ್ಕಿಲ್ಲ. ಕೋಲು ಒಳ್ಳೆಯ ಕಾಲಿನ ಬದಿಯ ಕೈಯಲ್ಲಿ (ಹೆಚ್ಚಿನವರು ತಿರುಗಾಮುರುಗಾ ಹಿಡಿಯುತ್ತಾರೆ). ಮೆಟ್ಟಿಲು ಹತ್ತಲು ಒಳ್ಳೆಯ ಕಾಲು ಮೊದಲು. ಇಳಿಯಲು ಕೋಲು, ಆಮೇಲೆ ಆಪರೇಷನ್ ಆದ ಕಾಲು.

ಡಾಕ್ಟರು ಒಪ್ಪಿದ ಮೇಲೂ ಮಳೆಗಾಲದಲ್ಲಿ ತೋಟ ಬೇಡವೇ ಬೇಡ. ಪಾಚಿ ಹಿಡಿದ ಮುರಕಲ್ಲಿನ ಮೆಟ್ಟಿಲು, ತೋಡಿಗೆ ಹಾಕಿದ ಅಡಿಕೆ ಮರದ ಸಂಕ, ಇವೆರಡೂ ಅಪಾಯ. ಬಿದ್ದರೆ ಕೀಲಿನ ಕೆಳಗೆ ತೊಡೆಮೂಳೆಯೇ ಮುರಿಯಬಹುದು. ಹೆಕ್ಕುವಾಗ ಆಪರೇಷನ್ ಆದ ಕಾಲನ್ನು ಹಿಂದಕ್ಕೆ ಚಾಚಿ, ಒಂದು ಕೈಯಲ್ಲಿ ಮರ ಹಿಡಿದು ಬಗ್ಗಲಿ. ಸುಲಿಯಲು ಮಣೆ ಬೇಡ, ಮೊಣಕಾಲು ಸೊಂಟಕ್ಕಿಂತ ಕೆಳಗಿರುವಷ್ಟು ಎತ್ತರದ ಕುರ್ಚಿ ಇರಲಿ. ಕುಕ್ಕರಗಾಲು ಮುಂದೆಯೂ ಬೇಡ.

ಮೀನಖಂಡ ಊದಿ ನೋವು, ಉಸಿರಾಟಕ್ಕೆ ಕಷ್ಟ, ಗಾಯದಲ್ಲಿ ಸೋರುವಿಕೆ, ಕಾಲು ಗಿಡ್ಡವಾಗಿ ಒಳಕ್ಕೆ ತಿರುಗಿದಂತೆ ಕಂಡರೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಎಣ್ಣೆ ತಿಕ್ಕಿಸುತ್ತಾ ಕೂರಬೇಡಿ.