ಗೊಂಬೆ ಕೊಳ್ಳಲು ವಯಸ್ಸು ಮೀರಿತೇ?

ಪ್ರಶ್ನೆ: ನನಗೆ 45 ವರ್ಷ. ಚನ್ನಪಟ್ಟಣದ ಗೊಂಬೆ, ಹಳೇ ಪೋಸ್ಟ್‌ಕಾರ್ಡ್ ಕಂಡರೆ ಕೊಳ್ಳದೆ ಇರಲಾರೆ. ಮನೆಯವರು ನಗುತ್ತಾರೆ. ಬಿಟ್ಟುಬಿಡಲೇ?
– ಓದುಗರೊಬ್ಬರು, ತುಮಕೂರು

ಉತ್ತರ: ಯಾಕೆ ಬಿಡಬೇಕು? ದಸರೆಗೆ ಗೊಂಬೆ ಕೂರಿಸುವ ಅಜ್ಜಿಯರನ್ನು ನೋಡಿ ಯಾರೂ ನಗುವುದಿಲ್ಲ, ಅಲ್ವಾ? ನೀವು ವರ್ಷವಿಡೀ ಕೂರಿಸುತ್ತೀರಿ, ಅಷ್ಟೇ. ನನ್ನ ಮೇಜಿನ ಮೇಲೂ ತಲೆಯಾಡಿಸುವ ಗೊಂಬೆಯೊಂದಿದೆ. ನಾನು ಏನು ಬರೆದರೂ ಒಪ್ಪುವುದು ಅದೊಂದೇ.

ಚನ್ನಪಟ್ಟಣದ ಗೊಂಬೆ ಮಾಡುವುದನ್ನು ಒಮ್ಮೆ ಹೋಗಿ ನೋಡಿ. ಆಲೆ ಎಂಬ ಮರದ ತುಂಡು ಯಂತ್ರದಲ್ಲಿ ಗರಗರ ತಿರುಗುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ತಾಳೆಗರಿ ಒತ್ತಿ ಹೊಳಪು ತರುತ್ತಾರೆ. ಅದಕ್ಕೇ ಬಿಸಿಲಿಗೆ ಇಡಬೇಡಿ, ನೀರಲ್ಲಿ ತೊಳೆಯಬೇಡಿ. ಒಣಬಟ್ಟೆ ಸಾಕು.

ಭಾರತದಲ್ಲಿ ಅಂಚೆ ಕಾರ್ಡು ಶುರುವಾಗಿದ್ದು 1879ರಲ್ಲಿ. ನನಗಂತೂ ಖಾಲಿ ಕಾರ್ಡಿಗಿಂತ ಬರೆದ ಕಾರ್ಡೇ ಜಾಸ್ತಿ ಇಷ್ಟ. ಊರಿನ ಮುದ್ರೆ, ತಾರೀಖು, ಜಾಗ ಸಾಲದೆ ಅಂಚಿನಲ್ಲಿ ಅಡ್ಡ ಬರೆದ ‘ಎಮ್ಮೆ ಕರು ಹಾಕಿದೆ’! ಪಿವಿಸಿ ಪ್ಲಾಸ್ಟಿಕ್ ಕವರಿಗೆ ಮಾತ್ರ ಹಾಕಬೇಡಿ, ಕಾರ್ಡು ಹಾಳಾಗುತ್ತದೆ.

ನಗುವವರ ಹೆಸರಿಗೆ ಸುಮ್ನೆ ಒಂದು ಕಾರ್ಡು ಹಾಕಿ ನೋಡಿ. ಅವರೂ ಎತ್ತಿಡುತ್ತಾರೆ.